ಯಾರೂ ಮುಟ್ಟಬಾರದ ಪಟ್ಟಿ

ನಮ್ಮ ಅತ್ತಿಗೆಗೆ ಅನುಮಾನ ಹುಟ್ಟುಗುಣವೋ, ಸಂಬಳಕ್ಕೆಂದು ಕಲಿತದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತಾರೆ. ಹೇಳದೆಯೇ ನಾನೊಂದು ಪಾತ್ರೆ ತೊಳೆದರೆ, "ಏನು ಬೇಕಾಗಿತ್ತು, ಹೇಳಿಬಿಡು" ಅನ್ನುತ್ತಾರೆ.

ಅವರ ಕೆಲಸ ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ. ಎಲ್ಲೋ ಕೂತ ಕಳ್ಳರು ರೋಗಿಗಳ ದಾಖಲೆಗೆ ಕೈಹಾಕತೊಡಗಿದಾಗ, ಅವರ ವರಸೆ ತಿಳಿಯಲು ಅತ್ತಿಗೆ ಒಂದು ಸುಳ್ಳು ಕಂಪ್ಯೂಟರ್ ಇಟ್ಟರು. ನೋಡಲು ಅಸಲಿಯಂತೆಯೇ ಇತ್ತು, ಒಳಗಿನ ಪಟ್ಟಿಯಲ್ಲಿದ್ದ ನಾನ್ನೂರು ರೋಗಿಗಳು ಮಾತ್ರ ಬರೀ ಕಟ್ಟುಕತೆ. ಕಳ್ಳರು ನಂಬಲೆಂದು ಪ್ರತಿ ಸೋಮವಾರ ಹೊಸಬರನ್ನು ಸೇರಿಸುತ್ತಿದ್ದರು. ಹೆಸರು ಹೊಳೆಯದಿದ್ದರೆ ಎಂದೋ ಕಿವಿಗೆ ಬಿದ್ದದ್ದನ್ನೇ ಹಾಕುತ್ತಿದ್ದರು. ನನ್ನ ಹೆಸರಿನವನಿಗೆ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು.

ಆಸ್ಪತ್ರೆಯವರಿಗೆ ಯಾರಿಗೂ ಅದರಲ್ಲಿ ಕೆಲಸವಿಲ್ಲ. ಹಾಗಾಗಿ ಮುಟ್ಟಿದವರೆಲ್ಲ ಕಳ್ಳರೇ. ನಮ್ಮ ಅತ್ತಿಗೆಗೆ ಹೇಳಿ ಮಾಡಿಸಿದಂಥ ನಿಯಮ.

ಹೊರಗಿನವರು ಇರುವೆಯಂತೆ ಮುತ್ತಿದರು. ಅವರು ಏನು ಹುಡುಕುತ್ತಾರೆಂದು ನೋಡಿ ನೋಡಿ ಅತ್ತಿಗೆ ಅಸಲಿ ಕಂಪ್ಯೂಟರುಗಳನ್ನು ಭದ್ರಪಡಿಸಿದರು. ಒಂದು ಮಂಗಳವಾರ ಬೆಳಿಗ್ಗೆ ಮಾತ್ರ ಒಳಗಿನವರೇ ಯಾರೋ ಮುಟ್ಟಿದರು, ಕೆಳಮಹಡಿಯ ದಾಖಲೆ ಕೋಣೆಯ ಮೂರನೇ ಮೇಜಿನಿಂದ. ಅಲ್ಲಿ ಕೂರುವುದು ಅತ್ತಿಗೆಗೆ ಇದ್ದ ಒಬ್ಬಳೇ ಗೆಳತಿ. ಹತ್ತು ವರ್ಷದಿಂದ ಇಬ್ಬರೂ ಒಟ್ಟಿಗೇ ಚಹಾ ಕುಡಿಯುವವರು.

ಸಂಜೆಯೊಳಗೆ ವರದಿ ಮೇಲಕ್ಕೆ ಹೋಗಬೇಕು, ಹೋದರೆ ಅವಳ ಕೆಲಸ ಹೋಗುವುದು ಖಂಡಿತ. ಅತ್ತಿಗೆ ಮಧ್ಯಾಹ್ನವೆಲ್ಲ ಕೂತು ಗೆಳತಿಯ ಹೊಸ ಚಪ್ಪಲಿ, ಫೋನು ಬಂದರೆ ಅವಳು ಎದ್ದು ಹೊರಗೆ ಹೋಗುವುದು, ಎಲ್ಲಕ್ಕೂ ಒಂದೊಂದು ಅರ್ಥ ಹಚ್ಚಿದರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೋಗಿ ಕೇಳುವುದಕ್ಕೆ ಎರಡು ಮಹಡಿ ಇಳಿದರೆ ಸಾಕಿತ್ತು.

ನಾಲ್ಕು ಗಂಟೆಗೆ ಕೊನೆಗೂ ಇಳಿದರು. "ಬೆಳಿಗ್ಗೆ ಆ ರೋಗಿಗಳ ಪಟ್ಟಿ ಯಾಕೆ ತೆರೆದೆ? ಯಾರು ಹೇಳಿದ್ದು ನಿನಗೆ?"

ಗೆಳತಿ ಏನೂ ಮುಚ್ಚಿಡಲಿಲ್ಲ. "ಯಾರು ಹೇಳ್ತಾರೆ? ನನ್ನ ತಮ್ಮ ಮನೆ ಬಿಟ್ಟು ಹೋಗಿ ಆರು ವರ್ಷ ಆಯ್ತಲ್ಲ. ದಿನಾ ಬಂದ ತಕ್ಷಣ ಆಸ್ಪತ್ರೆಯ ಎಲ್ಲ ಕಂಪ್ಯೂಟರಲ್ಲೂ ಅವನ ಹೆಸರು ಹುಡುಕ್ತೀನಿ. ಇವತ್ತು ಸಿಕ್ತು ಕಣೇ. ಆರನೇ ವಾರ್ಡು, ಹನ್ನೆರಡನೇ ಹಾಸಿಗೆ. ಓಡಿಹೋಗಿ ನೋಡಿದ್ರೆ ಅಲ್ಲಿ ಇರೋದೇ ಹತ್ತು ಹಾಸಿಗೆ."

ಆ ಹೆಸರನ್ನು ಅತ್ತಿಗೆ ಚಹಾ ಕುಡಿಯುವಾಗ ಈ ಗೆಳತಿಯ ಬಾಯಿಂದಲೇ ಕೇಳಿದ್ದು. ಹಿಂದಿನ ದಿನ, ಸೋಮವಾರ, ಬೇರೇನೂ ಹೊಳೆಯದೆ ಅದನ್ನು ಪಟ್ಟಿಗೆ ಬರೆಯುವಾಗ, ಅದು ಯಾರದ್ದೆಂಬುದೇ ಮರೆತಿತ್ತು.

ಗೆಳತಿ ಅವರ ಕೈ ಹಿಡಿದುಕೊಂಡಳು. "ನಿನಗೆ ಇದೆಲ್ಲ ಗೊತ್ತಾಗುತ್ತಲ್ಲ, ಅದನ್ನ ಬರೆದವರು ಯಾರು ಅಂತ ಒಂದು ಹುಡುಕಿಕೊಡೇ. ಅವರು ಅವನನ್ನ ನೋಡಿರ್ತಾರೆ."