ಜೇಬಿನಲ್ಲಿ ಇರದಿದ್ದ ಬ್ಯಾಟರಿ

ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಕೀಟಲೆ ಮಾಡಿದವನು ಇನ್ನೊಬ್ಬನಿಲ್ಲ. ಮದುವೆಮನೆಯಲ್ಲಿ ಬೀಗರ ಚಪ್ಪಲಿಗಳನ್ನು ಜೋಡಿ ತಪ್ಪಿಸಿ ಬೇವಿನ ಮರಕ್ಕೆ ಕಟ್ಟಿದವನು ನಾನೇ. ಎಪ್ಪತ್ತು ದಾಟಿದರೂ ಆ ಚಾಳಿ ಬಿಟ್ಟಿರಲಿಲ್ಲ. ನನ್ನ ಕೈಗೆ ಹೆಚ್ಚು ಸಿಕ್ಕವನು ತಂಗಿಯ ಗಂಡ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಗೇಲಿ ಮಾಡುವ ಹಕ್ಕು ನಮ್ಮಲ್ಲಿ ತಾಳಿಯ ಜೊತೆಗೇ ಬರುತ್ತದೆ.

ಅವನು ಹುಣಸೆ ಕಸಿ ಕಟ್ಟುವವನು. ಕಾಯಿ ಬಿಡದ ಗಿಡದ ಕೊಂಬೆ ಕತ್ತರಿಸಿ, ಒಳ್ಳೆಯ ಮರದ ಕಡ್ಡಿಯನ್ನು ಚೂಪು ಮಾಡಿ, ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದ. ಸುತ್ತುವಾಗ ಎಡಗೈಯ ಬೆರಳುಗಳಲ್ಲಿ ಆ ಕಡ್ಡಿಯನ್ನು ಕೂಸಿನ ಮೂಗು ಹಿಡಿದ ಹಾಗೆ ಹಿಡಿದಿರುತ್ತಿದ್ದ. ಕೊರಟಗೆರೆಯಿಂದ ಪಾವಗಡದವರೆಗೆ ಜನ ಕರೆಯುತ್ತಿದ್ದರು.

ಕೈಗರಗಸ ಎಳೆದೆಳೆದು ಅವನಿಗೆ ಭುಜದ ನೋವು ಹತ್ತಿಕೊಂಡಿತು. ಶಿರಾಕ್ಕೆ ಹೋಗಿ ಮೊಳದುದ್ದದ ಬ್ಯಾಟರಿ ಗರಗಸ ತಂದುಕೊಟ್ಟೆ. ಅಂಗಡಿಯ ಸಾಬರು ಹೇಳಿದ್ದನ್ನೆಲ್ಲ ನಾನೇ ಕಂಡುಹಿಡಿದವನಂತೆ ಅವನಿಗೆ ಪಾಠ ಮಾಡಿದೆ.

"ಎರಡೂ ಕೈಯಾಗೆ ಹಿಡ್ಕೊ. ಮೂತಿ ತುದಿ ಮರಕ್ಕೆ ತಾಗಿಸ್ಬ್ಯಾಡ, ಎಗರಿ ಮಕಕ್ಕೇ ಬತ್ತದೆ. ಭುಜದ ಮ್ಯಾಕೆ ಎತ್ಬ್ಯಾಡ. ಮೊದ್ಲು ಕೆಳಗಿಂದ ಒಂದೀಟು ಕೊಯ್ದು ಆಮೇಲೆ ಮೇಲಿಂದ ಕೊಯ್ಯಿ, ಇಲ್ದಿದ್ರೆ ಸಿಪ್ಪೆ ಸೀಳ್ಕಂಡು ಹೋಯ್ತದೆ. ಚೈನು ಮುಟ್ಟೋಕೆ ಮುಂಚೆ ಬ್ಯಾಟ್ರಿ ತೆಗಿ."

"ಆಯ್ತು ಮೇಷ್ಟ್ರೇ," ಎಂದ.

ಬ್ಯಾಟರಿ ತೆಗೆಯುವ ಆ ಕೊನೆಯ ಪಾಠವೇ ನನಗೆ ಆಟದ ಸಾಮಾನಾಯಿತು. ಕೆಲಸಕ್ಕೆ ಅವನ ಜೊತೆಗೇ ಹೋಗಿ, ಅವನು ಗರಗಸ ಕೆಳಗಿಟ್ಟಾಗೆಲ್ಲ ಬ್ಯಾಟರಿ ಕಿತ್ತು ಜೇಬಿಗೆ ಇಳಿಸುತ್ತಿದ್ದೆ. ಅವನು ಬಂದು ಸ್ವಿಚ್ಚು ಒತ್ತುವನು, ಸದ್ದಿಲ್ಲ. ನಾನು ಜೇಬು ತಟ್ಟುವೆನು.

"ಥೂ, ನಿನ್ ಬಾಯಿಗೆ ಮಣ್ಣಾಕ! ಮುದುಕ ಆದ್ರೂ ಬುದ್ಧಿ ಬರ್ಲಿಲ್ವಲ್ಲೋ."

ಎಷ್ಟು ಸಲ ಹೀಗಾಯಿತೋ ಲೆಕ್ಕವಿಲ್ಲ. ಪ್ರತಿ ಸಲವೂ ಅವನೂ ನಗುತ್ತಿದ್ದ.

ಮಧುಗಿರಿ ಕಡೆಯ ಒಂದು ಹೊಲದಲ್ಲಿ, ಬೆಳಗಿನ ಹೊತ್ತು, ತೊಡೆ ದಪ್ಪದ ಹುಣಸೆ ಕೊಂಬೆ ಕೊಯ್ಯುತ್ತಿದ್ದ. ಹಸಿ ಸಿಪ್ಪೆಯ ನಾರು ಚೈನಿಗೆ ಸುತ್ತಿಕೊಂಡು ಗರಗಸ ನಿಂತುಹೋಯಿತು. ಅದನ್ನು ಕೆಳಗಿಟ್ಟು ನೀರು ಕುಡಿದು ಬಂದು ಸ್ವಿಚ್ಚು ಒತ್ತಿದ. ಅಲುಗಲಿಲ್ಲ. ನನ್ನ ಕಡೆ ತಿರುಗಿದ.

"ತೆಗ್ದ್ಯಾ?"

ನಾನು ತೆಗೆದಿರಲಿಲ್ಲ. ಜೇಬಿನಲ್ಲಿದ್ದದ್ದು ನನ್ನ ಎಲೆಅಡಿಕೆ ಡಬ್ಬಿ. ಆದರೂ ಜೇಬು ತಟ್ಟಿ ಹಲ್ಲು ಕಿರಿದೆ.

"ಒಳ್ಳೇದೇ ಆಯ್ತು ಬುಡು. ನಾರು ತೆಗೆದ್ಮೇಲೆ ಕೊಡುವಂತೆ," ಎಂದು, ಬ್ಯಾಟರಿಯ ಜಾಗ ನೋಡದೆಯೇ ಎಡಗೈ ಬೆರಳುಗಳನ್ನು ಚೈನಿಗೆ ಹಾಕಿದ. ಬಲಗೈ ಸ್ವಿಚ್ಚಿನ ಮೇಲೇ ಇತ್ತು. ನಾನು "ಭಾವ" ಎನ್ನುವಷ್ಟರಲ್ಲಿ ನಾರು ಕಳಚಿ ಚೈನು ತಿರುಗಿತು.

ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೆ ಹೋದವು. ನನ್ನ ಟವೆಲ್ಲು ಬಿಗಿದು, ಹೊಲದವರ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ತಂಗಿ ಓಡಿ ಬಂದು, "ಹೆಂಗಾಯ್ತು ಅಣ್ಣ?" ಎಂದು ನನ್ನನ್ನೇ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವನೆಂದ: "ನಾನೇ ಬ್ಯಾಟ್ರಿ ತೆಗೆಯಾದು ಮರ್ತೆ ಕಣೆ."

ಹುಟ್ಟಿದಾಗಿನಿಂದ ಮಾತು ನಿಲ್ಲಿಸದ ನಾನು ಔಷಧಿ ಚೀಟಿ ಹಿಡಿದು ಅಂಗಡಿಯ ಕಡೆ ನಡೆದೆ.

ಗಾಯ ಮಾಗಿದ ಮೇಲೆ ಅವನು ಕಸಿ ಕಟ್ಟಿ ನೋಡಿದ. ಕಡ್ಡಿ ಜಾರುತ್ತಿತ್ತು, ಪಟ್ಟಿ ಸಡಿಲವಾಗುತ್ತಿತ್ತು. ಕಟ್ಟಿದ್ದೆಲ್ಲ ಒಣಗಿತು. ಕರೆಯುವವರು ಬೇರೆಯವರನ್ನು ಹುಡುಕಿಕೊಂಡರು. ನನ್ನನ್ನು ಬೈಯುವುದನ್ನೂ ಅವನು ಬಿಟ್ಟ. "ಬಾ ಭಾವ, ಕೂತ್ಕೊ" ಎಂದು ನೆಂಟರನ್ನು ಕರೆದ ಹಾಗೆ ಕರೆಯುತ್ತಿದ್ದ.

ಈ ಸಲ ತನ್ನ ಹಿತ್ತಲಿನ ಗಿಡಕ್ಕೆ ಕಸಿ ಕಟ್ಟಲು ನನ್ನನ್ನೇ ಕರೆದ. ಅವನು ಹೇಳುವುದು, ನಾನು ಕೊಯ್ಯುವುದು. ಮತ್ತೆ ನಾರು ಸಿಕ್ಕಿಕೊಂಡಿತು. ಅವನು ಎಡಗೈ ಚಾಚಿದ.

"ಬ್ಯಾಟ್ರಿ ಕೊಡು."

ತೆಗೆದು ಆ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು, ನಾನು ನಾರು ಬಿಡಿಸುವವರೆಗೂ ನೋಡುತ್ತಿದ್ದ.

"ನೀನು ಜೇಬು ತಟ್ಟಿದ್ದು ನಾನು ಯಾರ್ಗೂ ಯೇಳಿಲ್ಲ," ಎಂದ. "ನೀನೇ ಯೇಳ್ತೀಯ ಅಂತ ಕಾದೆ."

ಒಳಗೆ ಹೋದೆ. ತಂಗಿ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಆವಾಗ ನೀನು ನಗ್ತಿದ್ಯಾ, ಅಣ್ಣ?"

"ನಗ್ತಿದ್ದೆ ಕಣಮ್ಮ," ಎಂದೆ.