ಬರಹದಲ್ಲಿಲ್ಲದ ನಾಲ್ಕು ನಿಮಿಷ

ಗೆಳೆಯರೇ, ಇವತ್ತು ಜಪಾನಿನಿಂದ ನನಗೊಂದು ಪ್ರಶ್ನೆ ಬಂತು. ಗಜೇಂದ್ರಗಡದ ನೇಕಾರ ಈರಣ್ಣನ ಸೀರೆಯ ವಿಡಿಯೋಗೆ ಜಪಾನಿ ಭಾಷೆಯಲ್ಲಿ ದನಿ ಕೊಡಲು ಅಲ್ಲಿನ ಹೆಂಗಸೊಬ್ಬರನ್ನು ಗೊತ್ತುಮಾಡಿದ್ದೆವು. ಎಲ್ಲೆಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ವಿಡಿಯೋದ ಬರಹವನ್ನು ಕನ್ನಡದಲ್ಲಿ ಓದಿ ಕಳಿಸಲು ಅವರು ಕೇಳಿದ್ದರು. ನಾನು ಓದಿ ಕಳಿಸಿದ್ದೆ. ಓದು ಮುಗಿದ ಮೇಲೂ ರೆಕಾರ್ಡಿಂಗ್ ನಿಲ್ಲಿಸದೆ ತೀರಿಕೊಂಡ ಹೆಂಡತಿಯ ಫೋಟೋದೊಂದಿಗೆ ನಾಲ್ಕು ನಿಮಿಷ ಮಾತಾಡಿದ್ದೂ ಅದರಲ್ಲಿ ಸೇರಿಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಅವರ ಪ್ರಶ್ನೆಯನ್ನು ಮೊಬೈಲೇ ಕನ್ನಡ ಮಾಡಿ ತೋರಿಸಿತು: "ಬರಹದಲ್ಲಿಲ್ಲದ ಕೊನೆಯ ಭಾಗದಲ್ಲಿ ನಿಮ್ಮ ದನಿ ಮೆತ್ತಗಾಗುತ್ತದೆ. ಅದನ್ನು ಯಾರಿಗೆ ಹೇಳುತ್ತಿದ್ದೀರಿ? ಕೇಳುವವರು ಯಾರೆಂಬುದರ ಮೇಲೆ ನಮ್ಮ ಭಾಷೆ ಬದಲಾಗುತ್ತದೆ."

ಪಕ್ಕದಲ್ಲಿದ್ದ ಈರಣ್ಣ ರೇಗಿದ. "ಸೀರಿ ಬಗ್ಗೆ ಹೇಳ್ರಿ ಅಂದ್ರ ಮತ್ತೇನ್ ಹರಟಿ ಹೊಡದೀರಿ, ಕಾಕಾ?"

"ಒಬ್ಬನಿಗಷ್ಟ ಚಹಾ ಮಾಡೂದು ಇನ್ನೂ ರೂಢಿ ಆಗಿಲ್ಲ ಅಂದೇನೋ. ಬ್ಯಾಡ, ಅದನ್ನ ತಗೀ ಅಂತ ಬರಿ."

"ಯಾರಿಗಂತ ಕೇಳ್ಯಾರಲ್ರೀ?"

"ಮನಿಯಾಕಿಗೆ ಅಂತ ಬರಿ."

ಈರಣ್ಣ ಹಾಗೇ ಬರೆದ.

ನಿಮಗೆಲ್ಲ ಕನ್ನಡ ಬರುತ್ತದೆ, ಆದರೂ ಈ ಗ್ರೂಪಿನಲ್ಲಿ ನನ್ನ ವಾಯ್ಸ್ ನೋಟ್ ತೆರೆಯದೆಯೇ ಹೆಬ್ಬೆರಳಿನ ಇಮೋಜಿ ಒತ್ತುತ್ತೀರಿ. ಕನ್ನಡದ ಒಂದಕ್ಷರ ಬಾರದ ಆ ತಾಯಿ ಕೊನೆಯವರೆಗೂ ಕೇಳಿದ್ದಾರೆ ನೋಡಿ.