ಮುನಿಯಮ್ಮ ತಂದ ಮೂರು ಸೀರೆ

ಐವತ್ತರ ದಶಕದ ಕೊನೆಯ ವರ್ಷಗಳು. ಭದ್ರಾವತಿಯಲ್ಲಿ, ಕಾಗದನಗರದ ಕಾರ್ಖಾನೆ ಕ್ವಾರ್ಟರ್ಸ್ ಹತ್ತಿರದ ಸಣ್ಣ ಡಿಸ್ಪೆನ್ಸರಿಯೊಂದರಲ್ಲಿ ನಾನು ವೈದ್ಯೆಯಾಗಿದ್ದೆ. ಆಗ ನನಗೆ ವಯಸ್ಸು ಕಡಿಮೆ, ಕೋಪ ಜಾಸ್ತಿ.

ಒಂದು ಬೆಳಿಗ್ಗೆ, ಕ್ವಾರ್ಟರ್ಸಿನ ಬಟ್ಟೆ ಒಗೆಯುವ ಮುನಿಯಮ್ಮ ಮೈಲಿಗೆ ಬಟ್ಟೆಯ ಗಂಟಿನ ಸಮೇತ ಒಳಗೆ ಬಂದಳು. ನಾನು ರೇಗಿದೆ. “ಇದನ್ನೆಲ್ಲ ಇಲ್ಲಿಗ್ಯಾಕೆ ತಂದೆ? ಏನು ನಿನ್ನ ಕಾಯಿಲೆ?”

“ನಂಗೇನೂ ಇಲ್ಲ ಡಾಕ್ಟ್ರಮ್ಮ, ಇದನ್ನ ಸ್ವಲ್ಪ ನೋಡಿ,” ಎಂದು ಮೂರು ಸೀರೆ ಬಿಡಿಸಿದಳು. “ಸೀರೆ ಬೇರೆ ಬೇರೆ, ರಕ್ತದ ಕಲೆ ಮಾತ್ರ ಒಂದೇ ಜಾಗ, ಸೊಂಟದ ಬಲಕ್ಕೆ. ಯುಗಾದಿಯಿಂದ ಪ್ರತಿ ವಾರ ನೋಡ್ತಿದೀನಿ, ದಸರಾ ಬಂತು. ಬರೀ ಗಾಯ ಆಗಿದ್ರೆ ಮಾಯಬೇಕಿತ್ತಲ್ವಾ?”

ಯಾರ ಸೀರೆ ಎಂದು ಕೇಳಿದೆ. ಸೀರೆಗಳು ಗುಮಾಸ್ತರೊಬ್ಬರ ಹೆಂಡತಿ ಸರಸಮ್ಮನವರವು. ಮಂಡಿನೋವೆಂದು ಅವರು ನನ್ನ ಬಳಿ ಮೂರು ಸಲ ಬಂದಿದ್ದರು. ಮಂಡಿ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ.

ಹೇಳಿಕಳಿಸಿದಾಗ ಬಂದ ಸರಸಮ್ಮ, ವಿಷಯ ತಿಳಿದು ಕೆಂಡವಾದರು. “ಒಗೆಯೋಕೆ ಕೊಟ್ರೆ ಊರಿಗೆಲ್ಲ ತೋರಿಸ್ಕೊಂಡು ಬರ್ತಾಳಾ ಮಾರಾಯ್ತಿ! ಇನ್ನು ನಮ್ಮನೆ ಮೆಟ್ಟಿಲು ಹತ್ತೋದು ಬೇಡ ಅವಳು.” ಬಹಳ ಓಲೈಸಿದ ಮೇಲೆ ಲಂಗದ ಲಾಡಿ ಸಡಿಲಿಸಿದರು. ಲಾಡಿ ಕೂರುವ ಜಾಗದಲ್ಲಿ ಎಂಟಾಣೆ ಅಗಲದ ಹುಣ್ಣು. ಅರಿಶಿನ ಮೆತ್ತಿತ್ತು, ಅಂಚು ಗಟ್ಟಿಯಾಗಿ ಉಬ್ಬಿತ್ತು.

“ಲಾಡಿ ಒತ್ತಿದ ಗಾಯ ಡಾಕ್ಟ್ರೇ, ಯಾರಿಗಾಗಲ್ಲ?” ಎಂದರು.

ನಿಜ. ಆದರೆ ವರ್ಷಾನುಗಟ್ಟಲೆ ಲಾಡಿ ಉಜ್ಜಿದ ಕಡೆ ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು. ಶಿವಮೊಗ್ಗಕ್ಕೆ ಕರೆದೊಯ್ದು ಬಯಾಪ್ಸಿ ಮಾಡಿಸಿದೆ. ಹುಣ್ಣಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅದು. ನನ್ನ ಅನುಮಾನವೇ ನಿಜವಾಯಿತು. ಪುಣ್ಯಕ್ಕೆ ತೊಡೆಸಂದಿನ ಗ್ರಂಥಿಗಳಿಗೆ ಹರಡಿರಲಿಲ್ಲ. ಸರ್ಜನ್ ಹುಣ್ಣನ್ನು ಪೂರ್ತಿ ಕತ್ತರಿಸಿ ತೆಗೆದರು.

“ಇನ್ನೊಂದು ವರ್ಷ ಬಿಟ್ಟಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ. ಮೊದಲು ಕಂಡುಹಿಡಿದೋರು ಯಾರು?” ಎಂದು ಅವರು ಕೇಳಿದರು. ನಾನು ಮುನಿಯಮ್ಮನ ಹೆಸರು ಹೇಳಿದೆ. ಹಾಸಿಗೆಯಲ್ಲಿದ್ದ ಸರಸಮ್ಮ ಮುಖ ಮುಚ್ಚಿಕೊಂಡು ಅತ್ತರು.

ವೈದ್ಯಕೀಯ ಓದಿದ ನಾನು ರೋಗಿ ತೋರಿಸಿದ್ದನ್ನಷ್ಟೇ ನೋಡುತ್ತಿದ್ದೆ. ಅಕ್ಷರ ಬಾರದ ಆ ಹೆಂಗಸು ವಾರ ವಾರ ನೋಡಿ ನೆನಪಿಟ್ಟುಕೊಂಡಿದ್ದಳು. ಎಂಥ ಕಣ್ಣು ಅವಳದು! ಅಂದಿನಿಂದ ನಿವೃತ್ತಿಯವರೆಗೂ, ಯಾವ ಹೆಂಗಸು ಯಾವ ಕಾಯಿಲೆಗೆ ಬಂದರೂ ಸೊಂಟ ನೋಡದೆ ನಾನು ಕಳಿಸಲಿಲ್ಲ. ಅದಕ್ಕೆ ಬೈಸಿಕೊಂಡದ್ದೂ ಉಂಟು.

ಆಪರೇಷನ್ ಆದ ಮೇಲೆ ತಿಂಗಳಿಗೊಮ್ಮೆ ತಪ್ಪದೆ ತೋರಿಸಿಕೊಳ್ಳಬೇಕೆಂದು ಸರಸಮ್ಮನಿಗೆ ಹೇಳಿದ್ದೆ. ಮೊದಲ ತಿಂಗಳು ಬಂದಾಗ ಮುನಿಯಮ್ಮನನ್ನೂ ಕೈಹಿಡಿದು ಎಳೆದುಕೊಂಡು ಬಂದರು.

“ಮೊದಲು ಇವಳನ್ನ ನೋಡಿ ಡಾಕ್ಟ್ರೇ,” ಎಂದರು. “ನಮ್ಮೆಲ್ಲರ ಸೀರೆ ಇವಳು ನೋಡ್ತಾಳೆ. ಇವಳ ಸೀರೆ ನೋಡೋರು ಯಾರಿದಾರೆ?”